ಕಿವಿಯಲ್ಲಿ ಕಟ್ಟಿದ ಕ್ಯಾಮಲಾಟ್

ಆರ್ಥರ್ ರಾಜನ ಕಥೆ ಬಾನುಲಿಗೆ ಬಂದು ಎಂಟೂವರೆ ದಶಕ ದಾಟಿದೆ. 1939ರ ಬೇಸಿಗೆಯಲ್ಲಿ, ಯುರೋಪಿನಲ್ಲಿ ಯುದ್ಧ ಹೊತ್ತಿಕೊಳ್ಳುವುದಕ್ಕೆ ಸ್ವಲ್ಪವೇ ಮೊದಲು, ಬಿಬಿಸಿ 'ದ ಸ್ವೋರ್ಡ್ ಇನ್ ದ ಸ್ಟೋನ್' ಕಥೆಯನ್ನು ಮಕ್ಕಳಿಗಾಗಿ ನಾಟಕ ಮಾಡಿ ಬಿತ್ತರಿಸಿತು. 2024ರಲ್ಲಿ ಟಿನ್ ಕ್ಯಾನ್ ಆಡಿಯೋ ಎಂಬ ಪುಟ್ಟ ತಂಡ 'ಕ್ಯಾಮ್ಲಾನ್' ಎಂಬ ಪಾಡ್‌ಕಾಸ್ಟ್ ನಾಟಕವನ್ನು ಹೊರತಂದಿತು. ಈ ಎರಡರ ನಡುವಿನ ಕಾಲದಲ್ಲಿ ಆರ್ಥರನೂ ಅವನ ದುಂಡುಮೇಜಿನವರೂ ಸರೋವರದ ತಳದ ಅಂತರಿಕ್ಷ ನೌಕೆಯಲ್ಲಿ ಮಲಗಿದ್ದಾರೆ, ಅಣ್ವಸ್ತ್ರ ಹೊತ್ತ ಲಾರಿಗಳಿಗೆ ಅಡ್ಡ ಬಂದಿದ್ದಾರೆ, ಸೂರ್ಯನ ಕಡೆಗೆ ಜಾರುತ್ತಿರುವ ನಿಲ್ದಾಣದಲ್ಲಿ ಪಿಸ್ತೂಲು ಹಿಡಿದು ಅಲೆದಿದ್ದಾರೆ. ಇಲ್ಲಿ ಹೇಳಲಿರುವ ನಾಟಕಗಳಲ್ಲಿ ಒಂದು ಮಾತ್ರ ಟಿವಿಯದು, ಮಿಕ್ಕವೆಲ್ಲ ಕಿವಿಗೆಂದೇ ಹುಟ್ಟಿದವು. ಆ ಟಿವಿಯ ಕಥೆ ಕೂಡ ಹೇಗೆ ಕಿವಿಯ ಕಥೆಯೇ ಆಗಿತ್ತೆಂಬುದನ್ನು ಮುಂದೆ ನೋಡೋಣ.

ಈ ಹೊತ್ತಿಗೆ ಒಮ್ಮೆ ತಿರುಗಿ ನೋಡುವುದು ಅಗತ್ಯ. ಏಕೆಂದರೆ ಆರ್ಥರನ ಕಥೆಯನ್ನು ವಿಜ್ಞಾನ ಕಥೆಯಾಗಿ ಹೇಳುವ ಈ ಶ್ರವ್ಯ ನಾಟಕದ ಪ್ರಕಾರ ಈಗ ದೊಡ್ಡ ಸಂಸ್ಥೆಗಳ ಕೈಯಿಂದ ಸಣ್ಣ ತಂಡಗಳ ಕೈಗೆ ದಾಟಿದೆ. ಹಳೆಯದರಲ್ಲಿ ಏನು ಉಳಿಯಿತು, ಏನು ಕಳೆದುಹೋಯಿತು ಎಂಬ ಲೆಕ್ಕ ಇಲ್ಲದಿದ್ದರೆ ಹೊಸಬರು ಸವೆದ ದಾರಿಯಲ್ಲೇ ಮತ್ತೆ ನಡೆಯಬೇಕಾಗುತ್ತದೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಆರ್ಥರ್ ಮರಳಿ ಬರುತ್ತಾನೆ ಎಂದು ಹೇಳಿದ ನಾಟಕಗಳಿಗಿಂತ ಅವನು ಬರುವುದಿಲ್ಲ ಎಂದು ಹೇಳುವ ಧೈರ್ಯ ಮಾಡಿದ ನಾಟಕಗಳೇ ಗಟ್ಟಿಯಾಗಿ ನಿಂತಿವೆ. ಆ ಧೈರ್ಯ ವಿಜ್ಞಾನ ಕಥೆಯಿಂದ ಬಂತು, ಅದನ್ನು ನಂಬುವಂತೆ ಮಾಡಿದ್ದು ಬರಿಯ ದನಿ.

ಹಳೆಯ ಐತಿಹ್ಯಕ್ಕೂ ವಿಜ್ಞಾನ ಕಥೆಗೂ ಎತ್ತಣ ನಂಟು ಎಂದು ಕೇಳುವವರಿದ್ದಾರೆ. ನಂಟು ಇರುವುದು ಕಾಲದ ವಿಷಯದಲ್ಲಿ. ಮಾನ್ಮತ್‌ನ ಜೆಫ್ರಿ 1136ರ ಸುಮಾರಿಗೆ ಲ್ಯಾಟಿನ್‌ನಲ್ಲಿ ಬರೆದ ಬ್ರಿಟನ್ನಿನ ರಾಜರ ಚರಿತ್ರೆಯಲ್ಲಿ, ಕ್ಯಾಮ್ಲಾನ್ ಕಾಳಗದಲ್ಲಿ ಮಾರಣಾಂತಿಕವಾಗಿ ಗಾಯಗೊಂಡ ಆರ್ಥರನನ್ನು ಆವಲಾನ್ ದ್ವೀಪಕ್ಕೆ ಒಯ್ಯುತ್ತಾರೆ. 1485ರಲ್ಲಿ ಕ್ಯಾಕ್ಸ್ಟನ್ ಅಚ್ಚು ಹಾಕಿದ ಮ್ಯಾಲರಿಯ ಪುಸ್ತಕದಲ್ಲಿ ಈ ರಾಜ ಸತ್ತಿಲ್ಲ, ಮತ್ತೆ ಬರುತ್ತಾನೆ ಎಂಬ ಜನರ ನಂಬಿಕೆ ಸೇರಿಕೊಂಡಿತು. ಯಾವಾಗ ಬರುತ್ತಾನೆ, ಬಂದಾಗ ಲೋಕ ಹೇಗಿರುತ್ತದೆ ಎಂದು ಕೇಳಿದ ತಕ್ಷಣ ಐತಿಹ್ಯ ಭವಿಷ್ಯದ ಕಥೆಯಾಗುತ್ತದೆ. ಇದಕ್ಕೆ ಟಿ.ಎಚ್. ವೈಟ್ ಇನ್ನೊಂದು ಎಳೆ ಸೇರಿಸಿದ. ಈತ ಹುಟ್ಟಿದ್ದು ನಮ್ಮ ಮುಂಬಯಿಯಲ್ಲಿ, 1906ರಲ್ಲಿ. 1938ರ ಅವನ ಕಾದಂಬರಿಯಲ್ಲಿ ಮರ್ಲಿನ್‌ಗೆ ಕಾಲ ಹಿಂದುಮುಂದಾಗಿ ಹರಿಯುತ್ತದೆ. ಆತ ಭವಿಷ್ಯದಿಂದ ಭೂತದ ಕಡೆಗೆ ಬದುಕುತ್ತಿದ್ದಾನೆ. ಆದ್ದರಿಂದ ಮುಂದೆ ಆಗುವುದು ಅವನಿಗೆ ನೆನಪು, ಹಿಂದೆ ಆದದ್ದು ಅವನಿಗೆ ಗೊತ್ತಿಲ್ಲ. ಅವನ ಮನೆಯಲ್ಲಿ ಮಧ್ಯಯುಗದ ಗೂಬೆಯ ಪಕ್ಕದಲ್ಲೇ ಇಪ್ಪತ್ತನೆಯ ಶತಮಾನದ ಬ್ರಿಟಾನಿಕ ವಿಶ್ವಕೋಶವೂ ಇದೆ. ಇದನ್ನು ಮಾಟ ಎಂದು ಕರೆದರೂ ಸರಿ, ಕಾಲಯಾನ ಎಂದು ಕರೆದರೂ ಸರಿ.

1939ರ ಬಿಬಿಸಿ ನಾಟಕ ಎತ್ತಿಕೊಂಡದ್ದು ಈ ಕಾದಂಬರಿಯನ್ನೇ. ಅದಕ್ಕೆ ಸಂಗೀತ ಬರೆದವನು ಆಗಿನ್ನೂ ಇಪ್ಪತ್ತೈದರ ತರುಣ ಬೆಂಜಮಿನ್ ಬ್ರಿಟ್ಟನ್. ಕೆಲವೇ ವಾದ್ಯಗಳು, ನಡುನಡುವೆ ವ್ಯಾಗ್ನರ್‌ನ ಭಾರೀ ಸಂಗೀತವನ್ನು ತುಂಟತನದಿಂದ ಅಣಕಿಸುವ ತುಣುಕುಗಳು. ನಾಟಕ ಪ್ರಸಾರವಾಗುವ ಹೊತ್ತಿಗೆ ಬ್ರಿಟ್ಟನ್ ಅಟ್ಲಾಂಟಿಕ್ ದಾಟಿ ಹೋಗಿದ್ದ. ಅದೇ ಸಂಗೀತವನ್ನು 1981ರ ಕ್ರಿಸ್‌ಮಸ್ ಮರುದಿನ ಬಿಬಿಸಿ ಮತ್ತೆ ಬಳಸಿತು. ಆಗ ಮರ್ಲಿನ್ ಆದವನು ಮೈಕೇಲ್ ಹಾರ್ಡನ್. 2014ರಲ್ಲಿ ಬ್ರಯನ್ ಸಿಬ್ಲಿ ವೈಟ್‌ನ ಇಡೀ 'ದ ಒನ್ಸ್ ಅಂಡ್ ಫ್ಯೂಚರ್ ಕಿಂಗ್' ಕಾದಂಬರಿಯನ್ನು ರೇಡಿಯೋ 4ಕ್ಕೆ ಆರು ಕಂತುಗಳಲ್ಲಿ ರೂಪಾಂತರಿಸಿದ. ಅಲ್ಲಿ ಡೇವಿಡ್ ವಾರ್ನರ್ ಮರ್ಲಿನ್. ಹಾರ್ಡನ್‌ನ ಮರ್ಲಿನ್ ಪ್ರೀತಿಯ ಮೇಷ್ಟ್ರು. ವಾರ್ನರ್‌ನ ದನಿಯಲ್ಲಿ ಮುಂದಾಗುವುದೆಲ್ಲ ಗೊತ್ತಿದ್ದವನ ಆಯಾಸವಿದೆ. ಕಾಲ ತಿರುವುಮುರುವಾದವನ ಪಾತ್ರಕ್ಕೆ ನಮ್ಮ ಮಟ್ಟಿಗೆ ಆ ಆಯಾಸವೇ ಸರಿ ಹೊಂದುವುದು. 2022ರಲ್ಲಿ ವಾರ್ನರ್ ತೀರಿಕೊಂಡ ಮೇಲೆ ಅವನ ಸಿನಿಮಾಗಳನ್ನು ನೆನೆದವರೆಲ್ಲ ಈ ಆರು ಕಂತುಗಳನ್ನೂ ನೆನೆಯಬೇಕಿತ್ತು.

ಇನ್ನೂ ಹಿಂದಕ್ಕೆ ಹೋದರೆ ಮಾರ್ಕ್ ಟ್ವೈನ್ ಸಿಗುತ್ತಾನೆ. 1889ರ 'ಎ ಕನೆಕ್ಟಿಕಟ್ ಯಾಂಕೀ' ಕಾದಂಬರಿಯಲ್ಲಿ ಹಾರ್ಟ್‌ಫರ್ಡ್‌ನ ಕೋಲ್ಟ್ ಬಂದೂಕು ಕಾರ್ಖಾನೆಯ ಮೇಸ್ತ್ರಿ ಹ್ಯಾಂಕ್ ಮಾರ್ಗನ್ ತಲೆಗೆ ಪೆಟ್ಟು ತಿಂದು ಆರನೆಯ ಶತಮಾನದ ಆರ್ಥರನ ರಾಜ್ಯದಲ್ಲಿ ಎಚ್ಚರಾಗುತ್ತಾನೆ. ಸೂರ್ಯಗ್ರಹಣ ಮುಂಚೆಯೇ ಗೊತ್ತಿದ್ದದ್ದರಿಂದ ಅವನ ಜೀವ ಉಳಿಯುತ್ತದೆ ಎಂಬುದು ಎಲ್ಲರಿಗೂ ನೆನಪಿರುವ ಭಾಗ. ಬಾನುಲಿಯ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದವು ಅದರಲ್ಲಿರುವ ಟೆಲಿಫೋನಿನ ಪ್ರಸಂಗಗಳು. ಹ್ಯಾಂಕ್ ದೇಶದಲ್ಲಿ ಗುಟ್ಟಾಗಿ ತಂತಿ ಎಳೆಸಿದ್ದಾನೆ. ಪುಣ್ಯಕ್ಷೇತ್ರವೊಂದಕ್ಕೆ ಹೋದಾಗ, ಸಂನ್ಯಾಸಿಯೊಬ್ಬ ಬಿಟ್ಟುಹೋದ ಗುಹೆಯೊಳಗೆ ತನ್ನದೇ ಟೆಲಿಫೋನ್ ಕಚೇರಿ ಶುರುವಾಗಿರುವುದು ಕಣ್ಣಿಗೆ ಬೀಳುತ್ತದೆ. ಅಲ್ಲಿನ ಹುಡುಗ ತಂತಿಯಲ್ಲಿ ಕೇಳಿಸಿದ ಕಣಿವೆಯ ಹೆಸರನ್ನು ತಪ್ಪಾಗಿ ಕೇಳಿಸಿಕೊಂಡು, ಪವಿತ್ರ ಕಣಿವೆಯನ್ನು ನರಕದ ಕಣಿವೆ ಎಂದುಕೊಂಡಿದ್ದಾನೆ. ಅಲ್ಲಿಂದಲೇ ಹ್ಯಾಂಕ್ ಕ್ಯಾಮಲಾಟ್‌ಗೆ ಕರೆ ಹಚ್ಚಿ ತನ್ನ ಶಿಷ್ಯ ಕ್ಲಾರೆನ್ಸ್‌ನ ದನಿ ಕೇಳುತ್ತಾನೆ.

ಮನಸ್ಸು ಕಲಕುವ ಪ್ರಸಂಗ ಬರುವುದು ಆಮೇಲೆ. ಹ್ಯಾಂಕ್ ನಿದ್ದೆಯಲ್ಲಿ ತನ್ನ ಕಾಲದ ಟೆಲಿಫೋನ್ ಎಕ್ಸ್‌ಚೇಂಜಿನ ಹುಡುಗಿಯನ್ನು ಕರೆಯುತ್ತಿರುತ್ತಾನೆ: ಹಲೋ ಸೆಂಟ್ರಲ್. ಪಕ್ಕದಲ್ಲಿ ಮಲಗಿದ ಹೆಂಡತಿ ಸ್ಯಾಂಡಿ, ಇದು ಗಂಡ ಕಳೆದುಕೊಂಡ ಯಾರೋ ಪ್ರೀತಿಯವಳ ಹೆಸರಿರಬೇಕು ಎಂದು ತಿಳಿದು, ಮುನಿಯುವ ಬದಲು ತಮ್ಮ ಮಗುವಿಗೆ ಅದೇ ಹೆಸರಿಡುತ್ತಾಳೆ. ಹದಿಮೂರು ಶತಮಾನಗಳಾಚೆಯ ಒಂದು ಕರೆ ತೊಟ್ಟಿಲ ಮಗುವಿನ ಹೆಸರಾಗಿಬಿಟ್ಟಿತು. 1947ರಲ್ಲಿ ಅಮೆರಿಕದ 'ಫೋರ್ಡ್ ಥಿಯೇಟರ್' ಬಾನುಲಿ ಸರಣಿ ಶುರುವಾದದ್ದೂ ಇದೇ ಕಾದಂಬರಿಯಿಂದ. ಕಾದಂಬರಿಯ ಕೊನೆಯಲ್ಲಿ ವಿದ್ಯುತ್ ಬೇಲಿ ಮತ್ತು ಗ್ಯಾಟ್ಲಿಂಗ್ ಬಂದೂಕುಗಳ ಎದುರು 25,000 ಯೋಧರು ಸಾಯುತ್ತಾರೆ. ರೂಪಾಂತರಗಳು ಈ ಕಾದಂಬರಿಯ ಹಾಸ್ಯಕ್ಕೆ ಒಲಿದಷ್ಟು ಈ ಮಾರಣಹೋಮಕ್ಕೆ ಒಲಿದಿಲ್ಲ. ಟ್ವೈನ್ ಹೇಳಬೇಕೆಂದಿದ್ದ ಮಾತು ಇರುವುದು ಅಲ್ಲೇ: ಯಂತ್ರ ತಂದವನು ನಾಗರಿಕತೆಯ ಜೊತೆಗೆ ಅದರ ಕೊಲ್ಲುವ ಕಸುಬನ್ನೂ ತಂದ.

ಅದೇ ಮಾತನ್ನು ನೂರು ವರ್ಷಗಳ ನಂತರ ಎತ್ತಿಕೊಂಡದ್ದು 'ಡಾಕ್ಟರ್ ಹೂ' ಸರಣಿಯ 'ಬ್ಯಾಟಲ್‌ಫೀಲ್ಡ್'. 1989ರ ಸೆಪ್ಟೆಂಬರ್‌ನಲ್ಲಿ ನಾಲ್ಕು ಕಂತುಗಳಲ್ಲಿ ಬಂದ ಇದನ್ನು ಬರೆದವನು ಬೆನ್ ಆರನೊವಿಚ್, ಮುಂದೆ 'ರಿವರ್ಸ್ ಆಫ್ ಲಂಡನ್' ಕಾದಂಬರಿಗಳಿಂದ ಹೆಸರಾದವನು. ಮೊದಲ ಕಂತನ್ನು ನೋಡಿದವರು 31 ಲಕ್ಷ ಜನ. ಅಲ್ಲಿಯವರೆಗೆ ಆ ಸರಣಿಯ ಯಾವ ಕಂತಿಗೂ ಅಷ್ಟು ಕಡಿಮೆ ಪ್ರೇಕ್ಷಕರು ಬಂದಿರಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಸರಣಿಯೇ ನಿಂತುಹೋಯಿತು. ಟಿವಿಯ ಲೆಕ್ಕದಲ್ಲಿ ಇದೊಂದು ಸೋಲು. ನಮ್ಮ ಲೆಕ್ಕ ಬೇರೆ.

ಕಥೆ ಶುರುವಾಗುವುದೇ ಒಂದು ಕರೆಯಿಂದ. ಎಕ್ಸ್‌ಕ್ಯಾಲಿಬರ್ ಖಡ್ಗ ಕಾಲದಾಚೆಗೂ ಬೇರೆ ವಿಶ್ವಗಳಿಗೂ ಒಂದು ಸಂಕೇತ ಕಳಿಸುತ್ತಿದೆ. ಅದನ್ನು ಕೇಳಿ ಸರಣಿಯ ನಾಯಕನಾದ ಕಾಲಯಾನಿ ಡಾಕ್ಟರ್ ತನ್ನ ಒಡನಾಡಿ ಏಸ್‌ಳೊಂದಿಗೆ ಇಂಗ್ಲೆಂಡಿನ ಹಳ್ಳಿಗಾಡಿಗೆ ಬರುತ್ತಾನೆ. ಬೇರೊಂದು ವಿಶ್ವದ ಯೋಧರೂ ಬರುತ್ತಾರೆ, ಮೈಮೇಲೆ ಕಬ್ಬಿಣದ ಕವಚ, ಕೈಯಲ್ಲಿ ಬಂದೂಕು. ಅವರು ಡಾಕ್ಟರನನ್ನು ಮರ್ಲಿನ್ ಎಂದು ಗುರುತಿಸುತ್ತಾರೆ. ಅವನಿಗೆ ಮಾತ್ರ ಅದು ಗೊತ್ತಿಲ್ಲ, ಏಕೆಂದರೆ ಅವನು ಮರ್ಲಿನ್ ಆಗುವುದು ಅವನ ಮುಂದಿನ ದಿನಗಳಲ್ಲಿ. ವೈಟ್‌ನ ಹಿಂದುಮುಂದಾದ ಮರ್ಲಿನ್ ಇಲ್ಲಿ ಮತ್ತೊಂದು ರೂಪದಲ್ಲಿ ಬಂದಿದ್ದಾನೆ. ಸರೋವರದ ಅಡಿಯಲ್ಲಿ ಆರ್ಥರನ ನೌಕೆ ಇದೆ. ಅದರ ಬಾಗಿಲು ತೆರೆಯುವುದು ಕೀಲಿಗಲ್ಲ, ಡಾಕ್ಟರನ ದನಿಗೆ. ಮುಂದೆಂದೋ ತಾನು ಆಗಲಿರುವ ಮನುಷ್ಯ ಆ ಬೀಗವನ್ನು ತನ್ನ ಕಂಠಕ್ಕೆ ಹೊಂದಿಸಿ ಹೋಗಿದ್ದಾನೆ. ಮುಖ ಬದಲಾಗಬಹುದು, ಗುರುತು ದನಿಯಲ್ಲಿದೆ ಎಂಬ ಈ ಒಂದು ಹೊಳಹು ಸಾಕು, ಈ ಕಥೆ ಕಿವಿಗಾಗಿ ಹುಟ್ಟಿದ್ದು ಎನ್ನಲು.

ಟಿವಿಗೆ ಅದನ್ನು ಮಾಡುವಾಗ ಏನಾಯಿತು ನೋಡಿ. ಏಸ್ ನೌಕೆಯಿಂದ ಎಕ್ಸ್‌ಕ್ಯಾಲಿಬರ್ ಹಿಡಿದು ಸರೋವರದ ಮೇಲೆ ಏಳಬೇಕು, ಐತಿಹ್ಯದ ಸರೋವರದ ದೇವಿಯ ಹಾಗೆ. ಅದಕ್ಕೂ ಮುಂಚೆ ನೀರು ನುಗ್ಗುವ ಕೋಣೆಯಲ್ಲಿ ಆಕೆ ಸಿಕ್ಕಿಬೀಳುವ ದೃಶ್ಯಕ್ಕಾಗಿ ಸ್ಟುಡಿಯೋದಲ್ಲಿ ಗಾಜಿನ ತೊಟ್ಟಿ ಕಟ್ಟಿದ್ದರು. ಏಸ್ ಆಗಿದ್ದ ಸೋಫಿ ಆಲ್ಡ್ರೆಡ್ ಒಳಗಿದ್ದಾಗಲೇ ಗಾಜು ಬಿರುಕು ಬಿಟ್ಟಿತು. ಡಾಕ್ಟರನ ಪಾತ್ರಧಾರಿ ಸಿಲ್ವೆಸ್ಟರ್ ಮೆಕಾಯ್ ಅದನ್ನು ಕಂಡು ಕೂಗಿಕೊಂಡ. ಆಕೆಯನ್ನು ಮೇಲಕ್ಕೆ ಎಳೆದುಕೊಂಡರು. ನೀರು ವಿದ್ಯುತ್ ತಂತಿಗಳು ಹರಡಿದ್ದ ನೆಲಕ್ಕೆ ನುಗ್ಗಿತು. ಒಬ್ಬ ನಟಿಯ ಜೀವವೇ ಹೋಗಬಹುದಿತ್ತು. ಬಾನುಲಿಯಲ್ಲಾದರೆ ಇದೇ ದೃಶ್ಯಕ್ಕೆ ಬೇಕಾದದ್ದು ನೀರಿನ ಶಬ್ದ, ಉಸಿರು ಕಟ್ಟುವ ದನಿ, ಮೇಲೆದ್ದಾಗಿನ ಬಯಲಿನ ಮೌನ. ಕುದುರೆ, ಕವಚ, ಕಾಳಗ ಎಲ್ಲವೂ ಬೇಕಾದ ಆರ್ಥರನ ಕಥೆಗೆ ಹಣವಿಲ್ಲದ ಕ್ಯಾಮೆರಾ ಶತ್ರು. ಹಣವಿಲ್ಲದ ಮೈಕ್ ಹಾಗಲ್ಲ.

ಈ ನಾಟಕದ ನಡುವೆ ಒಂದು ಚಿಕ್ಕ ಪ್ರಸಂಗವಿದೆ. ಮಾಟಗಾತಿ ರಾಣಿ ಮೊರ್ಗೇನ್ ಒಂದು ಹಳ್ಳಿಯ ಹೋಟೆಲಿಗೆ ಬರುತ್ತಾಳೆ. ಆಕೆಯ ಮಗ ಮೋರ್ಡ್ರೆಡ್ ಅಲ್ಲಿ ಬಿಯರ್ ಕುಡಿದಿದ್ದಾನೆ, ಹಣ ಕೊಟ್ಟಿಲ್ಲ. ಸಾಲ ಉಳಿಸಿಕೊಳ್ಳುವುದು ರಾಣಿಯ ಮರ್ಯಾದೆಗೆ ಒಪ್ಪುವುದಿಲ್ಲ. ಆಕೆ ಹೋಟೆಲಿನವನ ಹೆಂಡತಿ, ಕುರುಡಿ ಎಲಿಜಬೆತ್‌ಗೆ ಕಣ್ಣು ಕೊಟ್ಟು ಋಣ ತೀರಿಸುತ್ತಾಳೆ. ಅದಕ್ಕೆ ತುಸು ಮುಂಚೆಯೇ ಒಬ್ಬ ಹೆಂಗಸನ್ನು ಕೊಂದವಳು ಅವಳು. ಯುದ್ಧದಲ್ಲಿ ಮಡಿದ ಸೈನಿಕರ ಸ್ಮಾರಕ ಕಂಡಾಗ ತಾನೇ ನಿಂತು ಅವರಿಗೆ ಗೌರವ ಸಲ್ಲಿಸುವವಳೂ ಅವಳೇ. ಖಳನಾಯಕಿಯನ್ನು ಹೀಗೆ ಗೌರವದಿಂದ ಬರೆದದ್ದು ಆರ್ಥರನ ಕಥೆಗಳಲ್ಲಿ ಅಪರೂಪ. ಮೊರ್ಗೇನ್ ಆಗಿದ್ದ ಜೀನ್ ಮಾರ್ಷ್ 2025ರ ಏಪ್ರಿಲ್‌ನಲ್ಲಿ ತೀರಿಕೊಂಡಳು. ಆಕೆಯ ಹೆಸರಿನ ಜೊತೆ ಈ ಪಾತ್ರವೂ ಉಳಿಯಬೇಕು ಎಂಬುದು ನಮ್ಮ ಬಯಕೆ.

ನೌಕೆಯೊಳಗಿನ ಆರ್ಥರ್? ಕವಚದೊಳಗೆ ಬರಿಯ ಧೂಳು. ಪಕ್ಕದಲ್ಲಿ ಡಾಕ್ಟರ್ ಮುಂದೆಂದೋ ತನಗೆ ತಾನೇ ಬರೆದಿಟ್ಟ ಚೀಟಿ: ರಾಜ ಕೊನೆಯ ಯುದ್ಧದಲ್ಲಿ ಸತ್ತ, ಉಳಿದದ್ದೆಲ್ಲ ಪ್ರಚಾರ ಎಂಬ ಸಾರಾಂಶ. ಒಂಬತ್ತು ಶತಮಾನ ಕಾಯ್ದ ಭರವಸೆಯನ್ನು ವಿಜ್ಞಾನ ಕಥೆ ಎರಡು ಸಾಲಿನಲ್ಲಿ ಮುಗಿಸಿತು. ಇದು ನಿಂದೆಯಲ್ಲ. ರಾಜ ಬಂದು ಎಲ್ಲ ಸರಿಮಾಡುತ್ತಾನೆ ಎಂದು ಕಾಯುವವರ ಕೈಗೆ ಕೆಲಸವನ್ನು ವಾಪಸು ಕೊಟ್ಟ ಮಾತು ಅದು. ಅಂತ್ಯವನ್ನೂ ಅದಕ್ಕೆ ತಕ್ಕಂತೆ ಕಟ್ಟಿದ್ದಾರೆ. ಮೊರ್ಗೇನ್ ಅಣ್ವಸ್ತ್ರ ಕ್ಷಿಪಣಿಯ ಹತೋಟಿ ಹಿಡಿದಿದ್ದಾಳೆ. ಡಾಕ್ಟರನ ಬಳಿ ಆಯುಧವಿಲ್ಲ, ಮಂತ್ರವಿಲ್ಲ. ಅವನು ಮಾತಾಡುತ್ತಾನೆ. ಅಣುಬಾಂಬು ಬಿದ್ದರೆ ಏನಾಗುತ್ತದೆ, ಯಾರೆಲ್ಲ ಸಾಯುತ್ತಾರೆ, ಹೇಗೆ ಸಾಯುತ್ತಾರೆ ಎಂದು ಹೇಳುತ್ತಾ ಹೋಗುತ್ತಾನೆ. ಇದರಲ್ಲಿ ಮರ್ಯಾದೆ ಇದೆಯೇ ಎಂದು ಕೇಳುತ್ತಾನೆ. ಆಕೆ ಕೈ ಹಿಂದೆಗೆಯುತ್ತಾಳೆ. ತಾಳಮದ್ದಳೆ ಕೇಳಿ ಬೆಳೆದವರಿಗೆ ಈ ಘಟ್ಟವನ್ನು ವಿವರಿಸಬೇಕಿಲ್ಲ. ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲೇ ಒಬ್ಬ ಅರ್ಥಧಾರಿ ಎದುರಾಳಿಯ ಧರ್ಮವನ್ನೇ ಹಿಡಿದು ಅವನನ್ನು ಮಣಿಸುವ ಬಗೆ ಇದು. ಆಮೇಲೆ ಆರ್ಥರ್ ಸತ್ತಿದ್ದಾನೆ ಎಂದು ತಿಳಿದಾಗ ಮೊರ್ಗೇನ್ ಕುಸಿಯುತ್ತಾಳೆ. ಅವಳ ಇಡೀ ಹಗೆತನ ಒಬ್ಬ ಮನುಷ್ಯನಿಗಾಗಿ ಕಾದಿಟ್ಟದ್ದು; ಆ ಮನುಷ್ಯ ಇಲ್ಲ. ಅವಳ ದನಿ ಒಡೆಯುವ ಆ ಕ್ಷಣವನ್ನು ಕಣ್ಣು ಮುಚ್ಚಿ ಕೇಳಬೇಕು.

ಟಿವಿ ಕೈಬಿಟ್ಟ ಮೇಲೆ ಈ ಸರಣಿಯನ್ನು ಬದುಕಿಸಿದ್ದರಲ್ಲಿ ದನಿಯ ಪಾಲು ದೊಡ್ಡದು. 1999ರ ಜುಲೈನಲ್ಲಿ ಬಿಗ್ ಫಿನಿಶ್ ಸಂಸ್ಥೆ 'ದ ಸೈರನ್ಸ್ ಆಫ್ ಟೈಮ್' ಮೂಲಕ ಡಾಕ್ಟರ್ ಹೂ ಶ್ರವ್ಯ ನಾಟಕಗಳನ್ನು ಶುರುಮಾಡಿತು. ಮೆಕಾಯ್, ಆಲ್ಡ್ರೆಡ್ ಇಬ್ಬರೂ ಅಲ್ಲಿ ಮತ್ತೆ ಪಾತ್ರ ಹೊತ್ತರು. 2011ರ 'ಅನಿಮಲ್' ನಾಟಕದಲ್ಲಿ, ಬ್ಯಾಟಲ್‌ಫೀಲ್ಡ್‌ನ ಗಟ್ಟಿಗಿತ್ತಿ ಸೇನಾಧಿಕಾರಿ ಬ್ರಿಗೇಡಿಯರ್ ಬಂಬೇರಾ ಮರಳಿ ಬಂದಳು. ಟಿವಿಯಲ್ಲಿ ಆ ಪಾತ್ರ ಮಾಡಿದ್ದ ಆಂಜೆಲಾ ಬ್ರೂಸ್‌ಳೇ ಅದಕ್ಕೆ ದನಿ ಕೊಟ್ಟಳು. ಇಪ್ಪತ್ತೆರಡು ವರ್ಷ ಕಳೆದಿದ್ದರೂ ಆ ಪಾತ್ರ ಅದೇ ವಯಸ್ಸಿನಲ್ಲಿ ನಿಲ್ಲಲು ಸಾಧ್ಯವಾದದ್ದು ಮುಖ ಕಾಣದ ಮಾಧ್ಯಮದಿಂದ. ಆರ್ಥರನ ಕಡೆಯ ಯೋಧ ಆನ್ಸೆಲಿನ್‌ನನ್ನು ಹೊಡೆದು ಕೆಡವಿ ಆಮೇಲೆ ಅವನನ್ನೇ ಮೆಚ್ಚಿದವಳು ಈ ಬಂಬೇರಾ. ಅವಳಂಥ ಪಾತ್ರಗಳಿಗೆ ಇನ್ನೂ ಹೆಚ್ಚು ಅವಕಾಶ ಸಿಗಬೇಕಿತ್ತು.

ದೊಡ್ಡ ಸಂಸ್ಥೆಗಳ ಆಚೆ ಇದೇ ಕಾಲದಲ್ಲಿ ಇನ್ನೊಂದು ಧಾರೆ ಹರಿಯುತ್ತಿತ್ತು. ಆಕ್ಸ್‌ಫರ್ಡ್‌ನಲ್ಲಿ ಹುಟ್ಟಿದ 'ದ ಮೆಕ್ಯಾನಿಸಮ್ಸ್' ಎಂಬ ಗೆಳೆಯರ ಬಳಗ ತಮ್ಮನ್ನು ಸಾವಿಲ್ಲದ ಬಾಹ್ಯಾಕಾಶ ದರೋಡೆಕೋರರೆಂದು ಕರೆದುಕೊಂಡು, ಹಳೆಯ ಕಥೆಗಳನ್ನು ಹಾಡು ಮತ್ತು ನಿರೂಪಣೆ ಬೆರೆಸಿ ಹೇಳುತ್ತಿತ್ತು. ಜೋನಥನ್ ಸಿಮ್ಸ್ ಅದರ ನಿರೂಪಕ. 2014ರ 'ಹೈ ನೂನ್ ಓವರ್ ಕ್ಯಾಮಲಾಟ್' ಅವರ ಆರ್ಥರನ ಕಥೆ, ನಮ್ಮ ದೃಷ್ಟಿಯಲ್ಲಿ ಈ ಪ್ರಕಾರದ ಅತ್ಯುತ್ತಮ ಕೃತಿ. ಫೋರ್ಟ್ ಗ್ಯಾಲ್ಫ್ರಿಡಿಯನ್ ಎಂಬ ಬಾಹ್ಯಾಕಾಶ ನಿಲ್ದಾಣ ಕಕ್ಷೆ ತಪ್ಪಿ ಸುತ್ತು ಸುತ್ತಾಗಿ ಸೂರ್ಯನತ್ತ ಜಾರುತ್ತಿದೆ. ನಿಲ್ದಾಣಕ್ಕೆ ಇಟ್ಟದ್ದು ಮಾನ್ಮತ್‌ನ ಜೆಫ್ರಿಯ ಲ್ಯಾಟಿನ್ ಹೆಸರು. ಒಳಗಿರುವವರು ಎಷ್ಟೋ ತಲೆಮಾರಿನಿಂದ ಅಲ್ಲೇ ಹುಟ್ಟಿ ಅಲ್ಲೇ ಸಾಯುವವರು. ತಮ್ಮ ಲೋಕ ಒಂದು ಯಂತ್ರ ಎಂಬುದು ಮರೆತೇಹೋಗಿದೆ. ಅದು ಕೌಬಾಯ್ ಸಿನಿಮಾಗಳ ಲೋಕ: ಧೂಳು, ವಿಸ್ಕಿ, ಪಿಸ್ತೂಲು, ಕುಲದ ಹಗೆ. ಆರ್ಥರ್, ಲ್ಯಾನ್ಸೆಲಾಟ್, ಗ್ವಿನೆವಿಯರ್ ಇಲ್ಲಿ ಒಬ್ಬರನ್ನೊಬ್ಬರು ಕಳೆದುಕೊಳ್ಳುವ ತ್ರಿಕೋನವಲ್ಲ. ಮೂವರೂ ಪರಸ್ಪರ ಪ್ರೀತಿಸುವವರು.

ಅವರು ಹುಡುಕಿ ಹೊರಡುವ ಗ್ರೇಲ್ ಯೇಸುವಿನ ಬಟ್ಟಲಲ್ಲ. ಗ್ಯಾಲ್ಫ್ರಿಡಿಯನ್ ರಿಸ್ಟ್ರಿಕ್ಟೆಡ್ ಆಕ್ಸೆಸ್ ಇಂಟರ್‌ಫೇಸ್ ಲಾಗಿನ್ ಎಂಬುದರ ಮೊದಲಕ್ಷರಗಳು ಅವು, ಅಂದರೆ ನಿಲ್ದಾಣದ ನಿಯಂತ್ರಣ ವ್ಯವಸ್ಥೆಗೆ ಹೋಗುವ ದಾರಿ. ಕೇಳುವಾಗ ಮೊದಲು ಚಮತ್ಕಾರ ಎನಿಸುತ್ತದೆ. ಯೋಚಿಸಿದರೆ ಅದಕ್ಕಿಂತ ದೊಡ್ಡದು. ಮಧ್ಯಯುಗದ ಗ್ರೇಲ್ ಕಥೆಗಳಲ್ಲಿ ರಾಜನೊಬ್ಬನಿಗೆ ಗಾಯವಾಗಿದೆ, ಅದರಿಂದ ನಾಡು ಬರಡಾಗಿದೆ, ಯೋಗ್ಯನಾದವನು ಮಾತ್ರ ಅದನ್ನು ಗುಣಪಡಿಸಬಲ್ಲ. ಇಲ್ಲಿ ಗಾಯಗೊಂಡಿರುವುದು ಯಂತ್ರ, ಸಾಯುತ್ತಿರುವುದು ಲೋಕ, ಒಳಕ್ಕೆ ಹೋಗಲು ಅನುಮತಿ ಬೇಕು. ಹಳೆಯ ಕಥೆಯ ಎಲುಬು ಹಾಗೆಯೇ ಇದೆ. ಅದರ ಜೊತೆಗೆ ಹೊಸ ಭಯವೊಂದು ಸೇರಿಕೊಂಡಿದೆ: ತಾತಂದಿರು ಕಟ್ಟಿದ ಯಂತ್ರವನ್ನು ನಡೆಸುವ ಜ್ಞಾನ ಮೊಮ್ಮಕ್ಕಳಿಗೆ ದಾಟಲಿಲ್ಲ. ಹಾಡಿನ ಮಟ್ಟುಗಳಲ್ಲಿ ಹಲವು ಹಳೆಯ ಜಾನಪದ ಮಟ್ಟುಗಳೇ. ಅಜ್ಜಿಯರ ಕಾಲದ ಮಟ್ಟಿನಲ್ಲಿ ಸೂರ್ಯನಿಗೆ ಬೀಳುತ್ತಿರುವ ನಿಲ್ದಾಣದ ಕಥೆ ಕೇಳಿದಾಗ ಐತಿಹ್ಯ ಹೇಗೆ ಕಾಲ ದಾಟುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಬಳಗ 2020ರಲ್ಲಿ ಕೊನೆಯ ಕಾರ್ಯಕ್ರಮ ಕೊಟ್ಟು ಚದುರಿತು. ಸಿಮ್ಸ್ ಆ ಹೊತ್ತಿಗೆ 'ದ ಮ್ಯಾಗ್ನಸ್ ಆರ್ಕೈವ್ಸ್' ಎಂಬ ಭಯಾನಕ ಶ್ರವ್ಯ ಸರಣಿ ಬರೆಯುತ್ತಿದ್ದ; 2016ರಿಂದ 2021ರವರೆಗೆ ನಡೆದು 200 ಕಂತು ಮುಟ್ಟಿದ ಅದು ಇಂಗ್ಲಿಷ್ ಪಾಡ್‌ಕಾಸ್ಟ್ ನಾಟಕಕ್ಕೆ ದೊಡ್ಡ ಕೇಳುಗ ಬಳಗವನ್ನೇ ಕಟ್ಟಿಕೊಟ್ಟಿತು.

2022ರ ಚಳಿಗಾಲದಲ್ಲಿ ಬಿಬಿಸಿ ವರ್ಲ್ಡ್ ಸರ್ವಿಸ್, ಸೂಸನ್ ಕೂಪರ್‌ಳ 'ದ ಡಾರ್ಕ್ ಈಸ್ ರೈಸಿಂಗ್' ಕಾದಂಬರಿಯನ್ನು ರಾಬರ್ಟ್ ಮ್ಯಾಕ್‌ಫರ್ಲೇನ್ ಮತ್ತು ಸೈಮನ್ ಮೆಕ್‌ಬರ್ನಿ ಅವರಿಂದ 12 ಕಂತುಗಳಾಗಿ ರೂಪಾಂತರ ಮಾಡಿಸಿತು. ಎರಡು ಕಿವಿಗೂ ಬೇರೆ ಬೇರೆ ದೂರದಿಂದ ಶಬ್ದ ಬರುವಂತೆ ಮುದ್ರಿಸಿದ್ದ ಅದನ್ನು ಹೆಡ್‌ಫೋನ್ ಹಾಕಿಕೊಂಡೇ ಕೇಳಬೇಕು. ಮೆರಿಮನ್ ಎಂಬ ವೇಷದಲ್ಲಿ ಅಲ್ಲಿಯೂ ಮರ್ಲಿನ್ ಇದ್ದಾನೆ. ಅದು ವಿಜ್ಞಾನ ಕಥೆಯಲ್ಲ. ಆದರೆ ದೊಡ್ಡ ಸಂಸ್ಥೆ ಮನಸ್ಸು ಮಾಡಿದರೆ ಶಬ್ದದಿಂದ ಏನು ಮಾಡಬಹುದೆಂದು ತೋರಿಸಿದ್ದಕ್ಕಾಗಿ ಈ ಲೆಕ್ಕದಲ್ಲಿ ಅದಕ್ಕೆ ಜಾಗ ಇದೆ.

ಮೊದಲಲ್ಲೇ ಹೆಸರಿಸಿದ 'ಕ್ಯಾಮ್ಲಾನ್' ಬರೆದವಳು ಎಲ್ಲಾ ವಾಟ್ಸ್. 2022ರಲ್ಲಿ ಬಿಬಿಸಿಗಾಗಿ 'ಡಾಕ್ಟರ್ ಹೂ: ರಿಡ್ಯಾಕ್ಟೆಡ್' ಶ್ರವ್ಯ ಸರಣಿಯನ್ನು ನಿರ್ದೇಶಿಸಿದವಳೂ ಈಕೆಯೇ. ಬ್ಯಾಟಲ್‌ಫೀಲ್ಡ್ ಬಂದ ಸರಣಿಯ ಅಂಗಳದಿಂದಲೇ ಆರ್ಥರನ ಹೊಸ ನಾಟಕಕಾರ್ತಿಯೂ ಬಂದಳು ಎಂಬುದು ಖುಷಿಯ ವಿಷಯ. ಮಹಾದುರಂತವೊಂದರ ನಂತರದ ವೇಲ್ಸ್. ಮಾರ್ಗನ್, ಪೆರಿ, ಡೈ ಎಂಬ ಎಳೆಯರು. ಗೆಲರ್ಟ್ ಎಂಬ ನಾಯಿ. ನಾಗರಿಕತೆ ಮುರಿದುಬಿದ್ದ ಜಾಗದಲ್ಲಿ ಹಳೆಯ ಐತಿಹ್ಯಗಳು ಜೀವ ತಳೆದು ಓಡಾಡುತ್ತಿವೆ. ಕಥೆಯ ಪಾತ್ರದ ಹೆಸರು ಹೊತ್ತವರನ್ನು ಆ ಕಥೆಯೇ ಎಳೆದುಕೊಳ್ಳುವ ಅಪಾಯವಿದೆ. ಪ್ರಳಯೋತ್ತರ ಕಥೆಯ ಚೌಕಟ್ಟಿನಲ್ಲಿ ಜಾನಪದವನ್ನು ಕೂರಿಸಿದ ಈ ನಾಟಕ ವಿಜ್ಞಾನ ಕಥೆಯ ಗಡಿಯಲ್ಲಿ ನಿಂತಿದೆ. ಗೆಲರ್ಟ್ ಎಂಬ ಹೆಸರೇ ಒಂದು ಕಥೆ: ಮಗುವನ್ನು ತೋಳದಿಂದ ಕಾಪಾಡಿ, ತಪ್ಪು ತಿಳಿದ ಒಡೆಯನ ಕೈಯಲ್ಲೇ ಸತ್ತ ನಾಯಿ ಅದು. ಮುಂಗುಸಿ ಸಾಕಿದ ಹೆಂಗಸಿನ ಕಥೆ ಗೊತ್ತಿರುವ ನಮ್ಮ ಮಕ್ಕಳಿಗೂ ಆ ಸಂಕಟ ಗುರುತು ಸಿಗುತ್ತದೆ. ವಾಟ್ಸ್ ಮಾಡಿದ ಮುಖ್ಯ ಕೆಲಸ, ಕಥೆಯನ್ನು ವೇಲ್ಸ್‌ನ ಮಣ್ಣಿಗೆ ಮರಳಿಸಿದ್ದು.

ಹಾಗೆ ಮರಳಿಸಬೇಕಾಗಿ ಬಂದದ್ದೇ ಈ ಪ್ರಕಾರದ ದೊಡ್ಡ ಬಾಕಿ. ಆರ್ಥರ್ ಮೊದಲು ವೇಲ್ಸ್‌ನವರ ಕಥೆ, ಸ್ಯಾಕ್ಸನ್ನರ ವಿರುದ್ಧ ಹೋರಾಡಿದ ಬ್ರಿಟನ್ನರ ನಾಯಕ. ಕ್ಯಾಮ್ಲಾನ್ ಕಾಳಗವನ್ನು 537ನೇ ಇಸವಿಯ ಕೆಳಗೆ ಗುರುತು ಹಾಕಿದ ವಾರ್ಷಿಕ ದಾಖಲೆ ವೇಲ್ಸ್‌ನದೇ. ಹಾಗಿದ್ದೂ ದಶಕಗಟ್ಟಲೆ ಬಾನುಲಿಯ ಆರ್ಥರ್ ದಕ್ಷಿಣ ಇಂಗ್ಲೆಂಡಿನ ಸಿರಿವಂತ ಶಾಲೆಗಳ ಉಚ್ಚಾರಣೆಯಲ್ಲಿ ಮಾತಾಡಿದ. ಕಿವಿಯ ಮಾಧ್ಯಮದಲ್ಲಿ ಉಚ್ಚಾರಣೆ ಬರಿಯ ಅಲಂಕಾರವಲ್ಲ; ಪಾತ್ರ ಯಾರ ಕಡೆಯವನು ಎಂಬುದನ್ನು ಅದೇ ಹೇಳುತ್ತದೆ. ಸೋತವರ ನಾಯಕನಿಗೆ ಗೆದ್ದವರ ನಾಲಿಗೆ ಕೊಟ್ಟದ್ದು ಅನ್ಯಾಯ, ಅದನ್ನು ಅನ್ಯಾಯ ಎಂದೇ ಕರೆಯಬೇಕು.

ಇನ್ನೊಂದು ಬಾಕಿ ಸಂರಕ್ಷಣೆಯದು. 1953ರಲ್ಲಿ ಶುರುವಾದ ಚಾರ್ಲ್ಸ್ ಚಿಲ್ಟನ್‌ನ 'ಜರ್ನಿ ಇನ್‌ಟು ಸ್ಪೇಸ್' ಬ್ರಿಟಿಷ್ ಬಾನುಲಿಯ ಹೆಮ್ಮೆಯ ವಿಜ್ಞಾನ ನಾಟಕ. ಅದರ ಮುದ್ರಿಕೆಗಳು ಅಳಿಸಿಹೋದವೆಂದೇ ಬಹುಕಾಲ ನಂಬಿದ್ದರು. 1986ರಲ್ಲಿ ಬೇರೆಲ್ಲೋ ಸೇರಿಹೋಗಿದ್ದ ತಟ್ಟೆಗಳು ಸಿಕ್ಕವು. 1960ರ ದಶಕದ ಡಾಕ್ಟರ್ ಹೂ ಸರಣಿಯ ತೊಂಬತ್ತಕ್ಕೂ ಹೆಚ್ಚು ಕಂತುಗಳನ್ನು ಬಿಬಿಸಿ ಅಳಿಸಿಹಾಕಿ ಚಿತ್ರ ಕಳೆದುಕೊಂಡಿತು. ಆದರೆ ಅವುಗಳ ದನಿ ಒಂದೂ ಬಿಡದೆ ಉಳಿದಿದೆ. ಉಳಿಸಿದವರು ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತ ಸಾಮಾನ್ಯ ಮನೆಗಳ ಹುಡುಗರು. ಈಗಿನ ಪಾಡ್‌ಕಾಸ್ಟ್ ನಾಟಕಗಳ ಗತಿ ಇನ್ನೂ ನಾಜೂಕು. ಅವು ಇರುವುದು ಬಾಡಿಗೆಯ ಸರ್ವರ್‌ಗಳಲ್ಲಿ. ತಂಡ ಚದುರಿ ಬಾಡಿಗೆ ನಿಂತರೆ ಕೃತಿಯೂ ಹೋಗುತ್ತದೆ. ಬ್ರಿಟನ್ನಿನ ರಾಷ್ಟ್ರೀಯ ಗ್ರಂಥಾಲಯಗಳು ಅಚ್ಚಾದ ಪುಸ್ತಕಕ್ಕೆ ಮಾಡಿದಂತೆ ಸ್ವತಂತ್ರ ಶ್ರವ್ಯ ನಾಟಕಕ್ಕೂ ಪ್ರತಿ ಪಡೆದು ಇಡುವುದನ್ನು ಕಟ್ಟುನಿಟ್ಟಾದ ನಿಯಮ ಮಾಡಬೇಕು.

ಮುಂದೆ ಏನು ಬರೆಯಬೇಕು ಎಂಬುದಕ್ಕೆ ನಮ್ಮದೊಂದು ಒತ್ತಾಯವಿದೆ. ಅಬೆರಿಸ್ಟ್‌ವಿತ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ 'ಟ್ಯಾಲಿಯೆಸಿನ್‌ನ ಪುಸ್ತಕ' ಎಂಬ ಹದಿನಾಲ್ಕನೆಯ ಶತಮಾನದ ಹಸ್ತಪ್ರತಿಯಲ್ಲಿ 'ಪ್ರೈಥೈ ಆನ್ವನ್' ಎಂಬ ಹಳೆಯ ವೆಲ್ಷ್ ಕವಿತೆಯಿದೆ. ಆರ್ಥರ್ ತನ್ನ ಪ್ರಿಡ್ವೆನ್ ಹಡಗಿನಲ್ಲಿ ಪರಲೋಕಕ್ಕೆ ದಂಡೆತ್ತಿ ಹೋಗುತ್ತಾನೆ. ಅಲ್ಲೊಂದು ಮಾಯದ ಕಡಾಯಿ ಇದೆ, ಅದು ಹೇಡಿಯ ಅನ್ನ ಬೇಯಿಸುವುದಿಲ್ಲ. ಅಲ್ಲೊಂದು ಗಾಜಿನ ಕೋಟೆ ಇದೆ. ಗೋಡೆಯ ಮೇಲೆ ಆರು ಸಾವಿರ ಜನ ನಿಂತಿದ್ದಾರೆ, ಅವರ ಕಾವಲುಗಾರನ ಜೊತೆ ಮಾತು ನಡೆಸುವುದೇ ಕಷ್ಟ. ಮೂರು ಹಡಗು ತುಂಬುವಷ್ಟು ಮಂದಿ ಹೋದವರಲ್ಲಿ ಮರಳಿದವರು ಏಳೇ ಜನ. ಅಪರಿಚಿತ ಲೋಕ, ಪಾರದರ್ಶಕ ಕೋಟೆ, ಮಾತಿಗೆ ಮಾತು ಕೊಡದ ಅನ್ಯರು, ಲೆಕ್ಕ ಹಾಕಿ ಬರೆದಿಟ್ಟ ಬದುಕುಳಿದವರು: ವಿಜ್ಞಾನ ನಾಟಕಕಾರರು ಬೇರೆ ಕಡೆ ಹುಡುಕುವುದೆಲ್ಲ ಇಲ್ಲೇ ಇದೆ. ಕ್ಯಾಮಲಾಟ್ ಇಲ್ಲ, ಲ್ಯಾನ್ಸೆಲಾಟ್ ಇಲ್ಲ, ಮರಳಿ ಬರುವ ರಾಜನ ಭರವಸೆಯೂ ಇಲ್ಲ. ಏಳು ಪಾತ್ರಧಾರಿಗಳು ಮತ್ತು ಒಳ್ಳೆಯ ಧ್ವನಿತಂತ್ರಜ್ಞನೊಬ್ಬ ಇದ್ದರೆ ಸಾಕು. ಆ ಏಳರಲ್ಲಿ ಕೆಲವರಾದರೂ ವೆಲ್ಷ್‌ನಲ್ಲೇ ಮಾತಾಡಲಿ. ಗೋಡೆಯ ಮೇಲಿನವನು ಉತ್ತರಿಸದೆ ಸುಮ್ಮನಿರುವ ಆ ಹೊತ್ತನ್ನು ಎಷ್ಟು ಹಿಗ್ಗಿಸಬೇಕೆಂಬುದು ನಿರ್ದೇಶಕರಿಗೆ ಬಿಟ್ಟದ್ದು.